ಚೀನಾದ ಯುಎಜು: ಗಂಡಸರ ಹಳ್ಳಿಯಾಟ ಹೆಂಗಸರ ರಂಗವಾದಾಗ ಶ್ರುತಿ ಏನಾಯಿತು?

ಹಿಮ್ಮೇಳಪ್ರಿಯ, ಶಿರಸಿ
ಯಕ್ಷಗಾನದ ಬಡಗುತಿಟ್ಟಿನ ಹಿಮ್ಮೇಳ (ಹಾಡು, ವಾದ್ಯ) ಕಲಿಯುವವರಿಗಾಗಿ ಶಿರಸಿಯಲ್ಲಿ ಒಂದು ಗಂಟೆಯ ಪ್ರಾತ್ಯಕ್ಷಿಕೆ ಇಟ್ಟುಕೊಂಡಿದ್ದೇವೆ. ವಿಷಯ, ಚೀನಾದ ಝೆಜಿಯಾಂಗ್ ಪ್ರಾಂತದ ಹಾಡುನಾಟಕ ಯುಎಜು. ನಮ್ಮಲ್ಲಿ ಸ್ತ್ರೀವೇಷವನ್ನೂ ಗಂಡಸರೇ ಕಟ್ಟಿದ ಪರಂಪರೆ. ಅಲ್ಲಿ ಗಂಡಸರು ಹುಟ್ಟುಹಾಕಿದ ಆಟದಲ್ಲಿ ಈಗ ನಾಯಕನ ಪಾತ್ರವನ್ನೂ ಹೆಚ್ಚಾಗಿ ಹೆಂಗಸರೇ ಮಾಡುತ್ತಾರೆ. ಇದು ಹೇಗಾಯಿತು? ಪದ್ಯದ ಶ್ರುತಿ, ಧಾಟಿ ಏನಾದವು? ಹಾರ್ಮೋನಿಯಂನಲ್ಲಿ ತೋರಿಸುವುದಾದರೆ ಸ ಎಲ್ಲಿ ಹಿಡಿಯಬೇಕು?

ಕಾಳಿತೀರ, ಕಾರವಾರ
ಮೂಲ ಇರುವುದು ಷೆಂಗ್ ಜಿಲ್ಲೆಯಲ್ಲಿ, ಈಗ ಅದನ್ನು ಷೆಂಗ್‌ಝೋ ಎನ್ನುತ್ತಾರೆ. ಅಲ್ಲಿನ ರೈತರು ಬಿಡುವಿನ ಕಾಲದಲ್ಲಿ ಮನೆಬಾಗಿಲಿಗೆ ಹೋಗಿ ಕಥೆ ಹಾಡುತ್ತಿದ್ದರು. ಮುಂದೆ ಅದೇ ಹಾಡು ಚಹಾದಂಗಡಿಗಳಿಗೆ ಬಂತು. ವೇಷವಿಲ್ಲ, ರಂಗವಿಲ್ಲ, ಕೈಯಲ್ಲಿ ಮರದ ತಾಳಪಟ್ಟಿ, ಜೊತೆಗೆ ಸಣ್ಣ ಡೋಲು. 1906ರ ಮಾರ್ಚ್ 27ರಂದು ಡೊಂಗ್‌ವಾಂಗ್ ಹಳ್ಳಿಯಲ್ಲಿ ಇದೇ ಹಾಡುಗಾರರು ಮೊದಲ ಸಲ ಪಾತ್ರ ಹಂಚಿಕೊಂಡು ಆಡಿದರು. ನಮ್ಮ ಹಡಿಮಂಚದಂತೆ ಅಲ್ಲಿ ಭತ್ತ ಬಡಿಯಲು ಮರದ ದೊಡ್ಡ ತೊಟ್ಟಿ ಬಳಸುತ್ತಾರೆ. ಅಂಥ ನಾಲ್ಕು ತೊಟ್ಟಿಗಳ ಮೇಲೆ ಬಾಗಿಲಿನ ಹಲಗೆ ಹಾಸಿದರೆ ರಂಗ. ಉಡುಪು ಊರವರಿಂದ ಕಡ ತಂದದ್ದು.

1917ರಲ್ಲಿ ಶಾಂಘೈಗೆ ಹೋದ ಮೊದಲ ತಂಡಕ್ಕೆ ಜನ ಸೇರಲಿಲ್ಲ. ಪೇಟೆಯವರು ಪೆಕಿಂಗ್ ಒಪೆರಾ ನೋಡಿ ಪಳಗಿದವರು, ಇವರಲ್ಲಿ ತಂತಿವಾದ್ಯವೇ ಇರಲಿಲ್ಲ. 1920ರ ಸುಮಾರಿಗೆ ತಂತಿಯ ಹಿಮ್ಮೇಳ ಸೇರಿಸಿಕೊಂಡ ಮೇಲೆ ಕಾಲೂರಿದರು. 1923ರಲ್ಲಿ ಶಾಂಘೈಯ ಒಬ್ಬ ರಂಗಮಂದಿರದ ಮಾಲೀಕ ತನ್ನ ಸ್ವಂತ ಜಿಲ್ಲೆಯ ಷಿಜಿಯಾಆವೊ ಹಳ್ಳಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಿಕ್ಕ ಹುಡುಗಿಯರನ್ನು ಸೇರಿಸಿ ತರಬೇತಿ ಕೊಡಿಸಿದ. ಕಲಿಸಿದವರು ಗಂಡಸರೇ. 1930ರ ದಶಕ ಮುಗಿಯುವ ಹೊತ್ತಿಗೆ ಗಂಡು ತಂಡಗಳು ಕರಗಿ, ಶಾಂಘೈ ತುಂಬ ಹೆಣ್ಣು ತಂಡಗಳೇ. ಹತ್ತಿಗಿರಣಿಯ ಹೆಣ್ಣಾಳುಗಳು, ಝೆಜಿಯಾಂಗ್‌ನಿಂದ ವಲಸೆ ಬಂದ ಮನೆಗಳ ಹೆಂಗಸರು ಅವರ ದೊಡ್ಡ ಪ್ರೇಕ್ಷಕವರ್ಗ.

ಶರಾವತಿ ದಂಡೆ, ಹೊನ್ನಾವರ
ಶ್ರುತಿಯ ವಿಷಯ ನಾನು ಬರೆಯುತ್ತೇನೆ. ನನ್ನ ಮಟ್ಟಿಗೆ ಈ ಕಲೆಯ ಇತಿಹಾಸವನ್ನು ಅಲ್ಲಿಯೇ ಓದಬೇಕು.

ಮುಖ್ಯ ವಾದ್ಯ ಎರ್ಹು ಜಾತಿಯ ಎರಡು ತಂತಿಯ ಪಿಟೀಲು. ತಂತಿಗಳ ನಡುವೆ ಪಂಚಮದಷ್ಟು ಅಂತರ. ಆ ಅಂತರ ಹಾಗೆಯೇ ಉಳಿಯುತ್ತದೆ. ಕೆಳತಂತಿಯನ್ನು ಯಾವ ಸ್ವರವೆಂದು ಎಣಿಸುತ್ತಾರೆ ಎಂಬುದರ ಮೇಲೆ ಧಾಟಿ ಬದಲಾಗುತ್ತದೆ. ಗಂಡಸರ ಕಾಲದ ಧಾಟಿಯಲ್ಲಿ ತಂತಿಗಳು ಸ–ಪ. ಹೆಣ್ಣುದನಿಗೆ ಅದು ಹೊಂದದೆ ಹುಡುಗಿಯರ ತಂಡಗಳಲ್ಲಿ ಸಿಗೊಂಗ್ ಧಾಟಿ ಬೆಳೆಯಿತು: ತಂತಿಗಳು ದ–ಗ. ಚುರುಕು, ಹಗುರ, ಮಾತಿನ ಓಟಕ್ಕೆ ಹತ್ತಿರ. ದುಃಖದ ದೀರ್ಘ ಪದ್ಯಕ್ಕೆ ಮಾತ್ರ ಅದು ಸಾಲುತ್ತಿರಲಿಲ್ಲ. 1943ರ ನವೆಂಬರ್‌ನಲ್ಲಿ 'ಷಿಯಾಂಗ್ ಫೇ' ನಾಟಕದಲ್ಲಿ ನಟಿ ಯುವಾನ್ ಶುಎಫೆನ್ ಶೋಕದ ಪದ್ಯವನ್ನು ನಿಧಾನಿಸಿ ಹಾಡಿದಾಗ ಪಿಟೀಲಿನ ಝೋ ಬಾವ್‌ತ್ಸಾಯ್ ಪೆಕಿಂಗ್ ಒಪೆರಾದ ಎರ್‌ಹುವಾಂಗ್ ಎಂಬ ಧಾಟಿಯ ಪ–ರಿ ಕ್ರಮಕ್ಕೆ ಹೊರಳಿದರು. ಅದೇ ಚಿ ಧಾಟಿ, ಇಂದಿಗೂ ಯುಎಜುವಿನ ಬೆನ್ನೆಲುಬು. 1945ರಲ್ಲಿ ಗಂಡುಪಾತ್ರದ ನಟಿ ಫಾನ್ ರುಯಿಜುವಾನ್ ಅದೇ ವಾದಕರೊಂದಿಗೆ ನಾಯಕನ ಮರಣದ ಸನ್ನಿವೇಶಕ್ಕೆ ಷಿಯೆನ್‌ಷಿಯಾ ಧಾಟಿ ಕಟ್ಟಿದರು, ಅದರಲ್ಲಿ ತಂತಿಗಳು ಮತ್ತೆ ಸ–ಪ.

ಹಾರ್ಮೋನಿಯಂ ಲೆಕ್ಕ ಹೀಗಿದೆ. ಇಂದಿನ ಎರ್ಹುವಿನಂತೆ ಕೆಳತಂತಿ ಬಿಳಿ 2 (ಎರಡನೆಯ ಬಿಳಿ ಮನೆ), ಮೇಲಿನದು ಬಿಳಿ 6 ಎಂದಿಟ್ಟುಕೊಳ್ಳಿ. ಸಿಗೊಂಗ್‌ಗೆ ಸ ಬಿಳಿ 4ರಲ್ಲಿ, ಚಿಗೆ ಬಿಳಿ 5ರಲ್ಲಿ, ಷಿಯೆನ್‌ಷಿಯಾಗೆ ಬಿಳಿ 2ರಲ್ಲಿ. ಸಿಗೊಂಗ್‌ನಲ್ಲಿ ಬಿಡಿತಂತಿ (ಬೆರಳೊತ್ತದ ಕೆಳತಂತಿ) ಮಂದ್ರ ಧೈವತಕ್ಕೆ ನಿಂತುಬಿಡುತ್ತದೆ. ಚಿಯಲ್ಲಿ ಮಂದ್ರ ಪಂಚಮದವರೆಗೆ ಇಳಿಯುತ್ತದೆ. ಶೋಕಕ್ಕೆ ಬೇಕಾದ ತಗ್ಗು ಸಿಕ್ಕಿದ್ದು ಹೀಗೆ.

ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಬಿಡಿತಂತಿಯ ನಾದವನ್ನೇ ಸ ಎಂದುಕೊಂಡು ಶ್ರುತಿಪೆಟ್ಟಿಗೆಯನ್ನು ಬಿಳಿ 2ಕ್ಕೆ ಇಟ್ಟರೆ ಚಿ ಧಾಟಿಯ ಪದ್ಯದ ನಿಲುಗಡೆಗಳೆಲ್ಲ ದಿಕ್ಕುತಪ್ಪಿದಂತೆ ಕೇಳುತ್ತವೆ. ಇನ್ನೊಂದು, ಐದು ಸ್ವರ ಕಂಡಕೂಡಲೇ ಮೋಹನವೆಂದು ಹೆಸರಿಡುವುದು. ಮ, ನಿ ಕೂಡ ಬರುತ್ತವೆ, ನಡೆ ಬೇರೆ. ರಾಗದ ಹೆಸರೇ ಬೇಡ.

ಹಿಮ್ಮೇಳಪ್ರಿಯ, ಶಿರಸಿ
ಬಹಳ ಉಪಕಾರವಾಯಿತು. ಆಶುಮಾತಿನ ಬಗ್ಗೆಯೂ ಹೇಳುತ್ತೀರಾ? ವೇಷವಿಲ್ಲದೆ ಕೂತು ಮಾತಾಡುವ ತಾಳಮದ್ದಳೆಯವರು ಅದನ್ನು ಕೇಳಿಯೇ ಕೇಳುತ್ತಾರೆ.

ಅಘನಾಶಿನಿ, ಸಿದ್ದಾಪುರ
ನಮ್ಮಲ್ಲಿ ಪದ್ಯ ಗಟ್ಟಿ, ಅರ್ಥ (ಪಾತ್ರದ ಮಾತು) ಆಶು. ಅಲ್ಲಿ 1942ರ ಮೊದಲು ಎರಡೂ ಆಶುವೇ. ರಂಗದ ಹಿಂದೆ ಒಂದು ಹಾಳೆ ತೂಗುಹಾಕುತ್ತಿದ್ದರು. ಯಾರ ಪ್ರವೇಶ, ಯಾರ ನಿರ್ಗಮನ, ದೃಶ್ಯದಲ್ಲಿ ನಡೆಯುವುದೇನು, ಇಷ್ಟೇ ಅದರಲ್ಲಿ. ಉಳಿದದ್ದನ್ನು ನಟಿ ಬಾಯಿಪಾಠದ ವರ್ಣನೆಗಳಿಂದ ತುಂಬುತ್ತಿದ್ದಳು. ತೋಟದ ವರ್ಣನೆ, ಊಟದ ವರ್ಣನೆ, ಸಿಂಗಾರದ ವರ್ಣನೆ ಎಲ್ಲ ಸಿದ್ಧವಾಗಿರುತ್ತಿದ್ದವು. ಇದರಿಂದ ಎಲ್ಲ ಕಥೆಗಳಲ್ಲೂ ಒಂದೇ ಪದ್ಯ ಬರುತ್ತಿತ್ತು, ಪಾತ್ರಕ್ಕೆ ತನ್ನದೇ ಮಾತು ಇರುತ್ತಿರಲಿಲ್ಲ. ಯುವಾನ್ 1942ರಲ್ಲಿ ಪೂರ್ತಿ ಬರೆದ ನಾಟಕ, ನಿರ್ದೇಶಕ, ತಾಲೀಮು, ಬೆಳಕು, ರಂಗಸಜ್ಜಿಕೆ ತಂದರು. 1946ರಲ್ಲಿ ಲೇಖಕ ಲು ಷುನ್ ಅವರ ಕಥೆಯೊಂದನ್ನು 'ಷಿಯಾಂಗ್‌ಲಿನ್ ಅತ್ತಿಗೆ'ಯಾಗಿ ಆಡಲು ಸಾಧ್ಯವಾದದ್ದು ಇದರಿಂದಲೇ. ಆಶುತ್ವ ಹೋದದ್ದು ನಷ್ಟ ಹೌದು, ಆದರೆ ಚಿ ಧಾಟಿಯಂಥ ನಿಧಾನದ ಪದ್ಯಕ್ಕೆ ಸ್ಥಿರ ಸಾಹಿತ್ಯ ಬೇಕೇ ಬೇಕು. ಎರಡೂ ಸುಧಾರಣೆ ಒಂದರ ಬೆನ್ನಿಗೆ ಒಂದು ಬಂದದ್ದನ್ನು ಸಭೆಯಲ್ಲಿ ಹೇಳಿ.

ಮದ್ದಳೆಕೈ, ಕುಮಟಾ
ಕೇಳಿಸಲು 1953–54ರ ಬಣ್ಣದ ಚಿತ್ರ 'ಲಿಯಾಂಗ್ ಷಾನ್‌ಬೋ ಮತ್ತು ಝು ಯಿಂಗ್‌ತಾಯ್' ಸಾಕು. ಯುವಾನ್, ಫಾನ್ ಇಬ್ಬರೂ ಅದರಲ್ಲಿದ್ದಾರೆ. ಹುಡುಕುವಾಗ ಎಚ್ಚರ: ಕ್ಯಾಂಟನ್ ಒಪೆರಾಕ್ಕೂ ಉಚ್ಚಾರ ಯುಎಜು ಎಂದೇ. ಗುಂಪಿನ ತುಂಬ ಗಂಡುಕಂಠ ಕೇಳಿದರೆ ಬೇರೆಡೆಗೆ ಹೋಗಿದ್ದೀರಿ ಎಂದು ತಿಳಿಯಿರಿ.

ಪದ್ಯದ ಸಾಲು ಬಹುಮಟ್ಟಿಗೆ ಏಳು ಅಕ್ಷರದ್ದು, 2-2-3 ಒಡೆತ. ಅದನ್ನು ನೋಡಿ ಏಳೆಣಿಕೆಯ ತ್ರಿಪುಡೆ ತಾಳ ಹಾಕಬೇಡಿ, ಸಂಗೀತ ನಡೆಯುವುದು ಎರಡು ಅಥವಾ ನಾಲ್ಕು ಎಣಿಕೆಯಲ್ಲಿ. ಕಲಿಯುವವರಿಗೆ ಚಿಂಗ್‌ಬಾನ್ ಭಾಗ ಕೇಳಿಸಿ. ಎತ್ತುಗಡೆ ಪಿಟೀಲಿನೊಂದಿಗೆ, ನಡುವಿನ ಸಾಲುಗಳಿಗೆ ತಂತಿ ಪೂರ್ತಿ ನಿಂತು ತಾಳಪಟ್ಟಿ ಮಾತ್ರ, ಕೊನೆಯ ಸಾಲಿಗೆ ಮತ್ತೆ ತಂತಿ. ಹಾಡುವವರು ನಡುವೆ ಕಾಲುಸ್ವರ ಜಾರಿದ್ದರೂ ಪಿಟೀಲು ಮರಳಿದ ಗಳಿಗೆಯಲ್ಲಿ ಬಯಲಾಗುತ್ತದೆ. ಎಂಟು ಸಾಲಿನ ಕನ್ನಡ ಪದ್ಯ ತೆಗೆದುಕೊಂಡು ಮೊದಲ ಎರಡು ಸಾಲಿಗೆ ಶ್ರುತಿ ಕೊಡಿ, ಮುಂದಿನ ಐದಕ್ಕೆ ನಿಲ್ಲಿಸಿ, ಎಂಟನೆಯದಕ್ಕೆ ಮತ್ತೆ ಬಿಡಿ. ಮದ್ದಳೆ ಬೇಡ, ತಾಳ ಮಾತ್ರ. ಮದ್ದಳೆಯ ನಾದ ಶ್ರುತಿಗೆ ಆಸರೆ ಕೊಟ್ಟುಬಿಡುತ್ತದೆ.