ಡಿಲೀಟ್ ಆದರೂ ಅಳಿಯದ ಫೈಲು, ಕೀಳುವ ಮೊದಲಿನ ಅನ್‌ಮೌಂಟ್: ಯಾವ ಪದ ಸರಿ?

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನೆಟ್‌ವರ್ಕ್ ಕೆಲಸ ಕಲಿಯುವ ಹುಡುಗರಿಗೆ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಸ್ವಿಚ್, ರೂಟರ್ ಒಳಗಿನ ಫೈಲುಗಳನ್ನು ನೋಡಿಕೊಳ್ಳುವುದು ಹೇಗೆ ಅಂತ. ಫ್ಲ್ಯಾಶ್, ಕಾಪಿ, ಬ್ಯಾಕಪ್ ಇವಕ್ಕೆಲ್ಲ ಕನ್ನಡ ಹುಡುಕಲು ಹೋಗಿಲ್ಲ, ಹೋಗುವುದೂ ಇಲ್ಲ. ‘ಫಾರ್ಮ್ಯಾಟ್ ಹೊಡಿ’ ಅನ್ನುವುದು ಈಗ ಅಪ್ಪಟ ಕನ್ನಡವೇ ಅಲ್ವಾ? ತೊಡಕಿರುವುದು ಕಮಾಂಡ್ ಕೊಟ್ಟಾಗ ಒಳಗೆ ಏನಾಗುತ್ತದೆ ಅಂತ ಹೇಳುವ ಮಾತಿನಲ್ಲಿ.

ಮೊದಲು ಡಿಲೀಟ್. ಎಲ್ಲರೂ ‘ಅಳಿಸು’ ಅಂತಾರೆ. ಆದರೆ ಕಾಮ್‌ವೇರ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಇರುವ ಸ್ವಿಚ್‌ಗಳಲ್ಲಿ ಬರೀ ಡಿಲೀಟ್ ಕೊಟ್ಟರೆ ಫೈಲು ಅಳಿಯುವುದಿಲ್ಲ, ರೀಸೈಕಲ್ ಬಿನ್‌ಗೆ ಹೋಗುತ್ತದೆ. ಅಲ್ಲಿ ಕೂತೂ ಜಾಗ ತಿನ್ನುತ್ತಲೇ ಇರುತ್ತದೆ. ಹೊಸ ಸಾಫ್ಟ್‌ವೇರ್ ಹಾಕಲು ಜಾಗ ಸಾಲದೆ ಹಳೆಯದನ್ನು ಡಿಲೀಟ್ ಮಾಡಿದ ಹುಡುಗ ಮತ್ತೆ ಫೈಲುಗಳ ಪಟ್ಟಿ ತೋರಿಸುವ ‘ಡಿರ್’ ಕಮಾಂಡ್ ಕೊಟ್ಟು ನೋಡುತ್ತಾನೆ. ಪಟ್ಟಿಯಲ್ಲಿ ಫೈಲಿಲ್ಲ, ಕೆಳಗೆ ‘ಫ್ರೀ’ ಅಂತ ತೋರಿಸುವ ಅಂಕಿ ಮಾತ್ರ ಕದಲಿಲ್ಲ. ‘ಅಳಿಸಿದೆ ಸಾರ್, ಜಾಗ ಅಷ್ಟೇ ಐತಲ್ಲ?’ ಅಂತ ಕೇಳಿದರೆ ತಪ್ಪು ಅವನದಲ್ಲ, ನಮ್ಮ ಕ್ರಿಯಾಪದದ್ದು. ‘ರೀಸೆಟ್ ರೀಸೈಕಲ್-ಬಿನ್’ ಕೊಟ್ಟ ಮೇಲೆಯೇ ಜಾಗ ಖಾಲಿಯಾಗುವುದು. ಇಲ್ಲವೇ ಡಿಲೀಟ್ ಜೊತೆ ಮೊದಲೇ ‘ಅನ್‌ರಿಸರ್ವ್ಡ್’ ಸೇರಿಸಬೇಕು. ಆಗ ಅನ್‌ಡಿಲೀಟ್ ಮಾಡಿ ವಾಪಸ್ ತರುವ ಮಾತೇ ಇಲ್ಲ.

‘ಅಳಿಸು’ ಅನ್ನುವುದನ್ನು ಈ ಕೊನೆಯದಕ್ಕೇ ಮೀಸಲಿಡೋಣ ಅನ್ನಿಸುತ್ತದೆ. ಬರೀ ಡಿಲೀಟ್‌ಗೆ ‘ತೆಗೆ’ ಅನ್ನೋಣ ಅಂದರೆ, ‘ಆ ಫೈಲ್ ತೆಗಿ’ ಅಂದಾಗ ನಮ್ಮ ಹುಡುಗರು ಅದನ್ನು ಓಪನ್ ಮಾಡಿ ತೋರಿಸುತ್ತಾರೆ! ಹಾಗಾಗಿ ‘ತೆಗೆದುಹಾಕು’ ಅಂತ ಇಟ್ಟುಕೊಂಡಿದ್ದೇನೆ.

ಸಿಸ್ಕೊದ ಹಳೆಯ ಕೆಲವು ರೂಟರ್‌ಗಳದ್ದು ಇನ್ನೊಂದು ಬಗೆ. ಡಿಲೀಟ್ ಕೊಟ್ಟರೆ ಫೈಲಿಗೆ ಬರೀ ಗುರುತು ಬೀಳುತ್ತಿತ್ತು. ಜಾಗ ವಾಪಸ್ ಬೇಕೆಂದರೆ ‘ಸ್ಕ್ವೀಜ್’ ಕೊಡಬೇಕಿತ್ತು. ಇದಕ್ಕೆ ‘ಹಿಂಡು’ ಸುಮ್ನೆ ಪದಕ್ಕೆ ಪದ. ನಮ್ಮ ಕಡೆಯ ‘ಒತ್ತರಿಸು’ ಚೆನ್ನಾಗಿ ಕೂರುತ್ತದೆ: ಬೇಡದ್ದನ್ನು ಎತ್ತಿಹಾಕಿ, ಉಳಿದದ್ದನ್ನು ಒಂದು ಕಡೆ ಒತ್ತಿ ಜೋಡಿಸಿ ಜಾಗ ಮಾಡುವುದು. ಆ ಕಮಾಂಡ್ ಮಾಡುತ್ತಿದ್ದದ್ದೂ ಅದನ್ನೇ.

ನಿಜವಾಗಿ ತಲೆ ತಿನ್ನುತ್ತಿರುವುದು ಅನ್‌ಮೌಂಟ್. ಆ ಕಮಾಂಡ್ ಕೊಟ್ಟ ಮೇಲೂ ಪೆನ್‌ಡ್ರೈವ್ ಇನ್ನೂ ಸ್ವಿಚ್‌ಗೇ ಚುಚ್ಚಿಕೊಂಡಿರುತ್ತದೆ, ಆದರೆ ಸ್ವಿಚ್ ಅದರ ಜೊತೆ ವ್ಯವಹಾರ ಮುಗಿಸಿರುತ್ತದೆ. ಆಮೇಲೆಯೇ ಕೈಯಲ್ಲಿ ಕೀಳಬೇಕು. ಕಾಪಿ ನಡೆಯುವಾಗ ಕಿತ್ತರೆ ಫೈಲ್ ಸಿಸ್ಟಮ್ ಕೆಡಬಹುದು. ‘ಇಳಿಸು’ ಅನ್ನುವ ಹಾಗಿಲ್ಲ, ಡೌನ್‌ಲೋಡ್ ಅದನ್ನು ಎಂದೋ ಹಿಡಿದುಕೊಂಡಿದೆ. ‘ಕಳಚಿ’ ಅಂತ ಓದಿದವನ ಕೈ ನೇರ ಪೆನ್‌ಡ್ರೈವ್‌ಗೇ ಹೋಗುತ್ತದೆ. ಯಾವುದು ಆಗಬಾರದೋ ಅದೇ ಆಗುತ್ತದೆ. ಗಾಡಿ ಬಿಚ್ಚಿದರೂ ಎತ್ತು ಅಲ್ಲೇ ನಿಂತಿರುತ್ತವಲ್ಲ, ಆ ‘ಬಿಚ್ಚು’ ಅರ್ಥಕ್ಕೆ ಹತ್ತಿರ. ಆದರೆ ಈ ಕಸುಬಿನಲ್ಲಿ ‘ಸ್ವಿಚ್ ಬಿಚ್ಚು’ ಅಂದರೆ ಸ್ಕ್ರೂಡ್ರೈವರ್ ತಗೊಂಡು ಮುಚ್ಚಳ ತೆಗೆಯುವುದು. ‘ಬಿಡುಗಡೆ’ ಸಿನಿಮಾದವರ ಪಾಲಾಗಿದೆ.

ಸದ್ಯಕ್ಕೆ ‘ಮೊದಲು ಬಿಡಿಸಿ, ಆಮೇಲೆ ಕೀಳಿ’ ಅಂತ ಬರೆದಿದ್ದೇನೆ. ಹೂ ಬಿಡಿಸುವುದು, ಅವರೆಕಾಯಿ ಬಿಡಿಸುವುದು ಎಲ್ಲ ಕೈಕೆಲಸವೇ ಆದ್ದರಿಂದ ಇಲ್ಲೂ ಅನುಮಾನ ಉಳಿದಿದೆ. ಅರಸೀಕೆರೆ, ಕಡೂರು ಕಡೆಯವರು ಅಥವಾ ಸಕಲೇಶಪುರ, ಮೂಡಿಗೆರೆಯವರು, ಒಂದನ್ನು ಮುಟ್ಟದೆ, ಅದು ಇದ್ದಲ್ಲೇ ಇರುವಾಗ ಅದರ ನಂಟು ಮಾತ್ರ ಬಿಡಿಸುವುದಕ್ಕೆ ಏನಂತೀರಿ? ಒಂದೇ ಮಾತಿನ ಕ್ರಿಯಾಪದ ಇದ್ದರೆ ಬಳಕೆಯ ವಾಕ್ಯದ ಸಮೇತ ಬರೆಯಿರಿ. ಇಲ್ಲದಿದ್ದರೆ ‘ಅನ್‌ಮೌಂಟ್ ಮಾಡಿ’ ಅಂತಲೇ ಅಚ್ಚಿಗೆ ಕೊಡುತ್ತೇನೆ.