ಸಾಲದ ಪುಸ್ತಕದ ತುಂಬಾ "ಗೃಹಲಕ್ಷ್ಮಿ ಬಂದಾಗ": ಬೇರೆ ಊರಿನ ಅಂಗಡಿಯವರು ಹೇಗೆ ನಿಭಾಯಿಸ್ತಿದ್ದೀರಿ?

ಅಂಗಡಿ ಅಕ್ಕ, ಶಿಡ್ಲಘಟ್ಟ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದು ನೂರಿಪ್ಪತ್ತು ಮನೆ ಇರೋ ಸಣ್ಣ ಊರು. ಬಸ್ಸು ನಿಲ್ಲೋ ಅರಳಿಕಟ್ಟೆ ಎದುರಿಗೆ ನಮ್ಮ ಚಿಲ್ಲರೆ ಅಂಗಡಿ. ಹದಿನೇಳು ವರ್ಷದಿಂದ ನಾನೇ ಕೂರ್ತೀನಿ, ನಮ್ಮ ಯಜಮಾನರು ರೇಷ್ಮೆ ಹುಳುಮನೆ ನೋಡ್ಕೋತಾರೆ.

ಮೊನ್ನೆ ಅಟ್ಟ ಕ್ಲೀನ್ ಮಾಡುವಾಗ 2014ರ ಸಾಲದ ಪುಸ್ತಕ ಸಿಕ್ತು. ಹೆಸರಿನ ಪಕ್ಕ ಯಾವಾಗ ಕೊಡ್ತಾರೆ ಅಂತ ಬರೆದಿಡೋದು ನನಗೆ ಮೊದಲಿಂದ ಅಭ್ಯಾಸ. ಅದರಲ್ಲಿ "ಗೂಡು ಮಾರಿದ ಮೇಲೆ", "ಡೈರಿ ಬಟವಾಡೆ ದಿನ", "ಟೊಮೇಟೊ ಕೋಲಾರಕ್ಕೆ ಹೋದ ಮೇಲೆ", "ಮಗ ಬೆಂಗಳೂರಿಂದ ಬಂದಾಗ", ಹಿಂಗೆಲ್ಲಾ ಇದೆ. ಒಂದು ಕಡೆ "ಹಸು ಈದ ಮೇಲೆ" ಅಂತಾನೂ ಇದೆ. ಆ ಹಸು ಈಯ್ತು, ದುಡ್ಡು ಮಾತ್ರ ಇವತ್ತಿಗೂ ಬಂದಿಲ್ಲ.

ಈಗಿನ ಪುಸ್ತಕ ಪಕ್ಕದಲ್ಲಿಟ್ಟು ಎಣಿಸಿದೆ. 64 ಹೆಸರು. 41ರ ಪಕ್ಕ "ಗೃಹಲಕ್ಷ್ಮಿ ಬಂದಾಗ". ಒಂಬತ್ತರ ಪಕ್ಕ "ಪಿಂಚಣಿ ಬಂದಾಗ". ಗೂಡು ಅಂತ ಇರೋದು ಐದೇ. ಇನ್ನೊಂದು ವಿಷಯ ಎಣಿಸುವಾಗಲೇ ಕಣ್ಣಿಗೆ ಬಿದ್ದಿದ್ದು: ಹಳೇ ಪುಸ್ತಕದಲ್ಲಿ ಎಲ್ಲಾ ಗಂಡಸರ ಹೆಸರು. ಹೆಂಗಸರು ಬಂದು ಸಾಮಾನು ತಗೊಂಡ್ರೂ "ನಮ್ಮೆಜಮಾನ್ರ ಹೆಸರಿಗೆ ಬರ್ಕೊಳ್ಳಿ" ಅಂತಿದ್ರು. 2023ರ ಆಗಸ್ಟ್ ಕೊನೆಗೆ ಗೃಹಲಕ್ಷ್ಮಿ ಶುರುವಾಯ್ತಲ್ಲ, ಆ ದೀಪಾವಳಿಯಿಂದ ಈಚೆಗೆ ಒಂದೊಂದೇ ಹೆಸರು ಬದಲಾಗಿದೆ. ನಾನೇನೂ ಬದಲಾಯಿಸಲಿಲ್ಲ, ಅವರೇ "ನನ್ ಹೆಸರಿಗೇ ಹಾಕ್ರಕ್ಕ" ಅಂದ್ರು.

ನಮ್ಮ ಹಿಂದಿನ ಬೀದಿಯ ಒಂದು ಮನೆ ಲೆಕ್ಕ ಹೇಳ್ತೀನಿ. ಅಜ್ಜಿ, ಮಗ, ಸೊಸೆ, ಎರಡು ಮಕ್ಕಳು. ಅಜ್ಜಿಗೆ ಸಂಧ್ಯಾ ಸುರಕ್ಷಾ ಅಂತ ವಯಸ್ಸಾದವರ ಪಿಂಚಣಿ 1,200. ಸೊಸೆಗೆ ಗೃಹಲಕ್ಷ್ಮಿ 2,000. ಮಗನಿಗೆ ಪಿಎಂ ಕಿಸಾನ್ ವರ್ಷಕ್ಕೆ 6,000, ಅಂದ್ರೆ ತಿಂಗಳಿಗೆ 500. ಕೈಗೆ ಬರೋದು ತಿಂಗಳಿಗೆ 3,700. ಜೊತೆಗೆ ರೇಷನ್ ಅಕ್ಕಿ, ಕರೆಂಟ್ ಬಿಲ್ಲು ಸೊನ್ನೆ, ಸೊಸೆ ಶಿಡ್ಲಘಟ್ಟಕ್ಕೆ ಹೋಗಿ ಬರೋ ಬಸ್ಸು ಪುಕ್ಕಟೆ. ಇವರಿಗಿರೋದು ಒಂದೂಕಾಲು ಎಕರೆ, ಅದರಲ್ಲಿ ಹಿಪ್ಪುನೇರಳೆ. ಬೆಳೆ ಕೈಹಿಡಿದ್ರೆ ಗೂಡಿಂದ ಒಳ್ಳೇ ದುಡ್ಡೇ ಬರುತ್ತೆ, ಇಲ್ಲ ಅನ್ನಲ್ಲ. ಆದ್ರೆ ಹೋದ ಸಲ ನಾಲ್ಕನೇ ಜ್ವರ (ಪೊರೆ ಬಿಡೋ ಹಂತ) ದಾಟಿದ ಹುಳು ಹಾಲುತೊಂಡೆ ರೋಗ ಬಂದು ತಟ್ಟೆ ತಟ್ಟೆನೇ ತಿಪ್ಪೆಗೆ ಹೋಯ್ತು. ಆ ಎರಡು ತಿಂಗಳು ಆ ಮನೆ ನಡೆದಿದ್ದು ಈ 3,700ರಲ್ಲೇ.

ಹಾಗಾಗಿ "ಬಿಟ್ಟಿ ದುಡ್ಡು" ಅಂತ ಬೈಯೋಕೆ ನಾನು ಇಲ್ಲಿಗೆ ಬಂದಿಲ್ಲ. ನನ್ನ ತಲೆನೋವೇ ಬೇರೆ. ಮೊದಲು ಒಬ್ಬರ ಹುಳು ಕೆಟ್ರೆ ಇನ್ನೊಬ್ಬರ ಗೂಡಿಗೆ ಒಳ್ಳೇ ರೇಟು ಸಿಕ್ಕಿರೋದು, ಇನ್ನೊಬ್ಬರ ಹಾಲು ಡೈರಿಗೆ ಹೋಗ್ತಾ ಇರೋದು. ಹತ್ತು ಜನ ಕೊಡದಿದ್ರೂ ಹತ್ತು ಜನ ಕೊಡೋರು, ಅಂಗಡಿ ನಡೀತಿತ್ತು. ಈಗ 41 ಮನೆಗೂ ಒಂದೇ ವಾಯಿದೆ. ಕಂತು ಬಂದ ದಿನ ನನ್ನ ಅಂಗಡಿ ಮುಂದೆ ಜಾತ್ರೆ. ಎರಡು ತಿಂಗಳು ಬರಲಿಲ್ಲ ಅಂದ್ರೆ 41 ಮನೆ ಒಟ್ಟಿಗೇ ನಿಂತುಹೋಗುತ್ತೆ, ಜೊತೆಗೆ ನಾನೂ. ನನಗೆ ಸಾಮಾನು ಹಾಕೋ ಹೋಲ್‌ಸೇಲ್‌ನವರು "ಗೃಹಲಕ್ಷ್ಮಿ ಬಂದಾಗ" ಅಂದ್ರೆ ಕಾಯಲ್ಲ. ಹದಿನೈದು ದಿನ ಅಂದ್ರೆ ಹದಿನೈದೇ ದಿನ.

ಹೋದ ಸಲ ಎರಡು ಕಂತು ತಡ ಆದಾಗ ಓಲೆ ಅಡ ಇಟ್ಟು ಎಣ್ಣೆ ಬೇಳೆ ತರಿಸಿದೆ. ಬೇರೆ ಊರಲ್ಲಿ ನೀವೆಲ್ಲ ಏನು ಮಾಡ್ತೀರಿ? ಒಂದು ಮನೆಗೆ ಇಷ್ಟೇ ಸಾಲ ಅಂತ ಕಟ್ಟುನಿಟ್ಟು ಮಾಡ್ತೀರಾ? ಇನ್ನೊಂದು: ಊರಿಗೆಲ್ಲ ಬಂದ್ರೂ ಒಬ್ಬ ಹೆಂಗಸಿಗೆ ಮಾತ್ರ ಐದು ತಿಂಗಳಿಂದ ಬಂದಿಲ್ಲ. ಗಂಡ ಇಲ್ಲ. ಬಾಕಿ 2,300 ಆಗಿದೆ. ಅವಳಿಗೆ ಇಲ್ಲ ಅನ್ನೋಕೆ ಬಾಯಿ ಬರ್ತಿಲ್ಲ.

ಮಧುಗಿರಿ ಕಡಲೆಕಾಯಿ

ಅಕ್ಕಾ, ತಪ್ಪು ತಿಳ್ಕೋಬೇಡಿ. ನಿಮ್ಮ ಪುಸ್ತಕದ ಲೆಕ್ಕ ಓದಿ ನನಗೆ ಭಯ ಆಯ್ತು. ಊರಿಗೆ ಊರೇ ಕಂತು ಬಂತಾ ಅಂತ ಮೊಬೈಲ್ ನೋಡ್ಕೊಂಡು ಕೂತ್ರೆ ಹೊಲದಾಗೆ ಕೆಲಸ ಮಾಡೋರು ಯಾರು? ಕಡಲೆಕಾಯಿ ಕೀಳೋ ಟೈಮ್ನಾಗೆ ನನಗೆ ಆಳು ಸಿಗಲಿಲ್ಲ, ಅರ್ಧ ಹೊಲ ನೆಲದಾಗೇ ಮೊಳಕೆ ಬಂತು.

2025-26ರ ಬಜೆಟ್ನಾಗೆ ಐದು ಗ್ಯಾರಂಟಿಗೆ ಇಟ್ಟಿದ್ದು 51 ಸಾವಿರ ಕೋಟಿ. ನಮ್ಮ ಕಡೆಗೆ ನೀರು ತರೋ ಎತ್ತಿನಹೊಳೆ ಯೋಜನೆಯ ಪರಿಷ್ಕೃತ ಅಂದಾಜು 23 ಸಾವಿರ ಕೋಟಿ ಚಿಲ್ಲರೆ. ಒಂದು ವರ್ಷದ ಗ್ಯಾರಂಟಿ ದುಡ್ಡಾಗೆ ಎರಡು ಎತ್ತಿನಹೊಳೆ ಆಗ್ತಿತ್ತು! 2024ರ ಸೆಪ್ಟೆಂಬರ್ನಾಗೆ ಸಕಲೇಶಪುರದಾಗೆ ಮೊದಲ ಹಂತ ಉದ್ಘಾಟನೆ ಆಯ್ತು. ನಮ್ಮ ಕೆರೆ ಇನ್ನೂ ದಾರಿ ಕಾಯ್ತಾ ಐತೆ. ಕೆರೆ ತುಂಬಿದ್ರೆ ಯಾರಿಗೆ ಬೇಕಿತ್ತು ಈ 2,000?

ನಾನೇನು ಸತ್ಯಹರಿಶ್ಚಂದ್ರ ಅಲ್ಲ. ಪಿಎಂ ಕಿಸಾನ್ ನಾನೂ ತಗೋತೀನಿ. 2020ರ ಜನವರಿ 2ಕ್ಕೆ ಪ್ರಧಾನಿ ತುಮಕೂರಿಗೆ ಬಂದು ಕಂತು ಬಿಟ್ಟಾಗ ನಾನೂ ಹೋಗಿ ಚಪ್ಪಾಳೆ ಹೊಡೆದೋನೇ. ಅದರ ಜೊತೆ ರಾಜ್ಯದಿಂದ 4,000 ಬರ್ತಿತ್ತು, ಸರ್ಕಾರ ಬದಲಾದ್ಮೇಲೆ ನಿಂತೋಯ್ತು. ಅದಕ್ಕೇ ಹೇಳ್ತಾ ಇರೋದು, ಕೊಟ್ಟೋರು ಯಾವತ್ತಾದ್ರೂ ನಿಲ್ಲಿಸ್ತಾರೆ.

ಮುಳಬಾಗಿಲು ಹುಡುಗಿ

ಅಣ್ಣ, ಕೂಲಿಗೆ ಹೋಗೋ ಮನೆಯವಳು ನಾನು, ಹೇಳ್ತೀನಿ ಕೇಳಿ. ನಮ್ಮಮ್ಮ ಕೂಲಿ ಬಿಟ್ಟಿಲ್ಲ. ಅಡ್ವಾನ್ಸ್ ತಗೊಳ್ಳೋದು ಬಿಟ್ಟಿದ್ದಾಳೆ. ಮೊದಲು ಯುಗಾದಿಗೆ ನಮಗೆ ಬಟ್ಟೆ ತರೋಕೆ ತೋಟದವರ ಹತ್ರ 3,000 ಈಸ್ಕೊಂಡು, ಟೊಮೇಟೊ ಕೀಳೋ ಕಾಲಕ್ಕೆ ಅವರು ಹೇಳಿದ ಕೂಲಿಗೆ, ಅವರು ಕರೆದ ದಿನ ಹೋಗಬೇಕಿತ್ತು. ಜ್ವರ ಬಂದ್ರೂ ಹೋಗಬೇಕಿತ್ತು. ಈಗ ಎಲ್ಲಿ ಐವತ್ತು ರೂಪಾಯಿ ಜಾಸ್ತಿಯೋ ಅಲ್ಲಿಗೆ ಹೋಗ್ತಾಳೆ. ನಿಮಗೆ ಆಳು ಸಿಗ್ತಿಲ್ಲ ಅಂತಲ್ಲ ಅಣ್ಣ, ಹೋದ ವರ್ಷದ ಕೂಲಿಗೆ ಸಿಗ್ತಿಲ್ಲ.

ನನ್ನ ವಾರಿಗೆಯವರು ಹೊಲಕ್ಕೆ ಬರಲ್ಲ, ನಿಜ. ಅದಕ್ಕೆ ಗೃಹಲಕ್ಷ್ಮಿ ಕಾರಣ ಅಲ್ಲ, ನರಸಾಪುರದ ಫ್ಯಾಕ್ಟರಿ ಬಸ್ಸು.

ಮಧುಗಿರಿ ಕಡಲೆಕಾಯಿ

ಕೂಲಿ ಜಾಸ್ತಿ ಕೊಡೋಕೆ ಕಡಲೆಕಾಯಿಗೆ ರೇಟು ಬೇಕಲ್ಲಮ್ಮ. ಅದನ್ನ ಯಾರ್ನ ಕೇಳಾನ?

ಕಂಪ್ಯೂಟರ್ ಸೆಂಟರ್, ಗೌರಿಬಿದನೂರು

ಜಗಳ ಆಮೇಲೆ ಆಡಿ. ಅಂಗಡಿ ಅಕ್ಕ, ಆ ಹೆಂಗಸಿನ ವಿಷಯಕ್ಕೆ ಬರ್ತೀನಿ, ದಿನಾ ಇಂಥ ನಾಲ್ಕು ಕೇಸು ನೋಡ್ತೀನಿ. ಊರಿಗೆಲ್ಲ ಬಂದು ಒಬ್ಬರಿಗೆ ಮಾತ್ರ ಬಂದಿಲ್ಲ ಅಂದ್ರೆ ಎಷ್ಟೋ ಸಲ ದುಡ್ಡು ಬಂದಿರುತ್ತೆ, ಬೇರೆ ಖಾತೆಗೆ ಹೋಗಿರುತ್ತೆ. ಈ ದುಡ್ಡು ಪಾಸ್‌ಬುಕ್ ನಂಬರ್ ನೋಡ್ಕೊಂಡು ಬರಲ್ಲ, ಆಧಾರ್ ನೋಡ್ಕೊಂಡು ಬರುತ್ತೆ. ಡಿಬಿಟಿಗೆ (ಸರ್ಕಾರದ ದುಡ್ಡು ನೇರ ಖಾತೆಗೆ ಬರೋದು) ಅಂತ ಕೊನೆಗೆ ಯಾವ ಬ್ಯಾಂಕಲ್ಲಿ ಆಧಾರ್ ಜೋಡಣೆ ಆಗಿದೆಯೋ ಅಲ್ಲಿಗೇ ಹೋಗೋದು. ಸಂಘದ ಸಾಲಕ್ಕೆ ಅಂತಲೋ ಮಗುವಿನ ಸ್ಕಾಲರ್‌ಶಿಪ್‌ಗೆ ಅಂತಲೋ ಯಾರೋ ಹೆಬ್ಬೆಟ್ಟು ಒತ್ತಿಸ್ಕೊಂಡು ಹೊಸ ಖಾತೆ ಮಾಡಿರ್ತಾರೆ, ಇವರಿಗೆ ನೆನಪೇ ಇರಲ್ಲ. ಮೈಆಧಾರ್ ವೆಬ್‌ಸೈಟಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ, ಮೊಬೈಲ್‌ಗೆ ಓಟಿಪಿ ಬಂದ್ರೆ ಎರಡು ನಿಮಿಷದ ಕೆಲಸ. ನಂಬರ್ ಹಳೇದಾಗಿದ್ರೆ ಮೊದಲು ಅದನ್ನ ಸರಿ ಮಾಡಿಸಿ.

ಅಲ್ಲೂ ಇಲ್ಲ ಅಂದ್ರೆ ರೇಷನ್ ಕಾರ್ಡ್ ನೋಡಿ. ಮನೆ ಯಜಮಾನಿ ಅಂತ ಯಾರ ಹೆಸರಿದೆಯೋ ಅವರಿಗೇ ಬರೋದು. ತೀರಿಕೊಂಡ ಅತ್ತೆ ಹೆಸರೇ ಇನ್ನೂ ಮೇಲಿರೋ ಕಾರ್ಡು ನಾನು ಎಷ್ಟು ನೋಡಿಲ್ಲ!

ಚಿಂತಾಮಣಿ ಪ್ರಾವಿಜನ್

ನಮ್ಮದೂ ಹಳ್ಳಿ ಅಂಗಡಿನೇ ಅಕ್ಕ. ನನ್ನ ಪದ್ಧತಿ ಹೇಳ್ತೀನಿ. "ಬಂದಾಗ" ಅನ್ನೋ ಮಾತನ್ನ ಪುಸ್ತಕದಿಂದ ತೆಗೆದುಬಿಟ್ಟೆ. ತಾರೀಖು ಬರೀತೀನಿ, ಅದೂ ಡೈರಿ ಬಟವಾಡೆ ಆದ ಮಾರನೇ ದಿನ. ಹಸು ಇರೋ ಮನೆಗೆ ಲೀಟರಿಗೆ ಸರ್ಕಾರದ 5 ರೂಪಾಯಿ ತಡ ಆದ್ರೂ ಹಾಲಿನ ದುಡ್ಡು ಬಂದೇ ಬರುತ್ತೆ. ಹಸು ಇಲ್ಲದ ಮನೆಗೆ ಒಂದು ಸಾವಿರದ ಮೇಲೆ ಬರೆಯಲ್ಲ. ಎಣ್ಣೆ, ಬೇಳೆ, ಸೋಪು, ಟೀಪುಡಿಗೆ ಮಾತ್ರ ಸಾಲ. ಬೀಡಿ, ಗುಟ್ಕಾ, ಮಕ್ಕಳ ಕುರುಕಲಿಗೆ ಕೈಯಲ್ಲಿ ಕಾಸು. ಗಂಡಸರು ಮುಖ ಊದಿಸ್ಕೋತಾರೆ, ಊದಿಸ್ಕೊಳ್ಳಲಿ.

ಇನ್ನೊಂದು, ಕಂತು ಬಿದ್ದ ದಿನ ನಿಮಗಿಂತ ಮೊದಲು ಫೈನಾನ್ಸ್ ಸಂಘದವರು ಬಾಗಿಲಲ್ಲಿರ್ತಾರೆ. 2025ರ ಫೆಬ್ರವರಿಯಲ್ಲಿ ಕಿರುಕುಳ ಕೊಡಬಾರದು ಅಂತ ಸುಗ್ರೀವಾಜ್ಞೆ ಬಂದ ಮೇಲೆ ನಮ್ಮೂರಲ್ಲಿ ಗದರೋದು ಕಮ್ಮಿ ಆಗಿದೆ, ಬರೋದು ಕಮ್ಮಿ ಆಗಿಲ್ಲ. ಎಷ್ಟೋ ಮನೆಗೆ ಆ 2,000 ಅಕ್ಕಿ ಬೇಳೆಗಲ್ಲ, ವಾರದ ಕಂತಿಗೇ ಸರಿಹೋಗುತ್ತೆ. ಅದು ಗೊತ್ತಿಟ್ಕೊಂಡೇ ಸಾಲ ಬರೀರಿ.

ಅಂಗಡಿ ಅಕ್ಕ, ಶಿಡ್ಲಘಟ್ಟ ತಾಲ್ಲೂಕು

ಎಲ್ಲರಿಗೂ ಥ್ಯಾಂಕ್ಸ್. ಮಧುಗಿರಿ ಅಣ್ಣನ ನೀರಿನ ಮಾತು ನನಗೆ ಒಪ್ಪಿಗೆ. ನಮ್ಮ ಬೋರು ಸಾವಿರದ ಇನ್ನೂರು ಅಡಿ, ಮೂರು ಕೊರೆಸಿ ಒಂದರಲ್ಲಿ ನೀರು. ಆದ್ರೆ ಕೆರೆ ತುಂಬಿದ್ರೂ ಆ ದುಡ್ಡು ಯಾರ ಹೆಸರಿಗೆ ಬರುತ್ತೆ ಅಂತ ನನ್ನ ಹಳೇ ಪುಸ್ತಕ ಹೇಳುತ್ತೆ ಅಣ್ಣ.

ಚಿಂತಾಮಣಿಯವರ ಹಾಗೆ ತಾರೀಖು ಬರೆಯೋಕೆ ಶುರು ಮಾಡಿದ್ದೀನಿ. ಗುಟ್ಕಾ ಸಾಲ ನಿಲ್ಲಿಸಿದೆ, ಇಬ್ಬರು ಪಕ್ಕದೂರಿನ ಅಂಗಡಿಗೆ ಹೋಗ್ತಿದ್ದಾರೆ.

ಆ ಹೆಂಗಸನ್ನ ನಾನೇ ಜೊತೆಗೆ ಕರ್ಕೊಂಡು ಹೋದೆ. ಗೌರಿಬಿದನೂರಿನವರು ಹೇಳಿದ್ದೇ ನಿಜ. ಮಗಳ ಸ್ಕಾಲರ್‌ಶಿಪ್‌ಗೆ ಅಂತ ಯಾವತ್ತೋ ಮಾಡಿಸಿದ್ದ ಖಾತೆಯಲ್ಲಿ ಐದು ಕಂತು, ಹತ್ತು ಸಾವಿರ ಹಾಗೇ ಕೂತಿತ್ತು. ಕೌಂಟರಿನ ಮುಂದೆ ನೋಟು ಮೂರು ಸಲ ಎಣಿಸಿದಳು. ಬಸ್ಸಲ್ಲಿ ಬರ್ತಾನೇ ನನ್ನ 2,300 ಕೈಗಿಟ್ಟಳು. ಆರೂವರೆ ಸಾವಿರ ಸಂಘದ ಹಿಂಬಾಕಿಗೆ ಹೋಯ್ತು, ಉಳಿದಿದ್ದು ಮಗಳ ಹಾಸ್ಟೆಲ್ಲಿಗೆ. ಸಾಯಂಕಾಲ ದೀಪ ಹಚ್ಚೋ ಹೊತ್ತಿಗೆ ಬಂದು "ಅರ್ಧ ಲೀಟರ್ ಎಣ್ಣೆ ಬರ್ಕೊಳ್ರಕ್ಕ" ಅಂದಳು. ಬರ್ಕೊಂಡೆ. ತಾರೀಖು ಹಾಕಿದ್ದೀನಿ.