ಹೃದಯದ ತೊಂದರೆಯಿರುವ ಅಪ್ಪ, ಪುಟ್ಟ ಮಕ್ಕಳು, ಮೇ ತಿಂಗಳ ಸಿಂಗಪುರ: ವೈದ್ಯೆಗೆ ನಿಮ್ಮ ಪ್ರಶ್ನೆಗಳು

ನಿರ್ವಾಹಕರು: ಬೇಸಿಗೆ ರಜೆಗೆ ಸಿಂಗಪುರಕ್ಕೆ ಹೊರಟಿರುವ ಕುಟುಂಬಗಳು ನಮ್ಮ ಗುಂಪಿನಲ್ಲಿ ಬಹಳ ಇವೆ. ಅಲ್ಲಿಯೇ ವೃತ್ತಿ ನಡೆಸುತ್ತಿರುವ, ನಮ್ಮ ಗುಂಪಿನ ಸದಸ್ಯೆಯೂ ಆದ ವೈದ್ಯೆಯೊಬ್ಬರು ಇಂದು ಸಂಜೆ ಉತ್ತರಿಸಲು ಒಪ್ಪಿದ್ದಾರೆ. ಆರೋಗ್ಯದ ಪ್ರಶ್ನೆಗಳನ್ನಷ್ಟೇ ಕೇಳಿ. ಹೋಟೆಲು, ಟಿಕೆಟ್ ದರದ ವಿಚಾರ ಇಲ್ಲಿ ಬೇಡ.

ಕಲಬುರಗಿಯ ಸದಸ್ಯ: ನಮಸ್ಕಾರ ಡಾಕ್ಟರೇ. ನಮ್ಮೂರಿನಲ್ಲಿ ಮೇ ತಿಂಗಳಲ್ಲಿ 42 ಡಿಗ್ರಿ ಕಂಡವರು ನಾವು. ಸಿಂಗಪುರದಲ್ಲಿ 32, 33 ಎಂದು ಮೊಬೈಲ್ ತೋರಿಸುತ್ತಿದೆ. ನಮಗೆ ಅದು ತಂಪೇ ಅಲ್ಲವೇ?

ವೈದ್ಯೆ: ನಮಸ್ಕಾರ. ಹಾಗೆಂದುಕೊಂಡು ಬಂದವರೇ ಮಧ್ಯಾಹ್ನ ತಲೆ ಸುತ್ತಿ ಕೂರುವುದು. ಕಲಬುರಗಿಯ ಒಣ ಗಾಳಿಯಲ್ಲಿ ಬೆವರು ಮೂಡಿದಷ್ಟೇ ಬೇಗ ಆರುತ್ತದೆ. ಹಾಗೆ ಆರುವಾಗಲೇ ಅದು ಮೈಯ ಶಾಖವನ್ನು ಹೊತ್ತೊಯ್ಯುವುದು. ಇಲ್ಲಿ ಬೆಳಗಿನ ಜಾವ ಗಾಳಿಯ ತೇವಾಂಶ ಶೇ. 90 ದಾಟುತ್ತದೆ, ಮಳೆಯಿಲ್ಲದ ಮಧ್ಯಾಹ್ನದಲ್ಲೂ ಶೇ. 60ರ ಆಸುಪಾಸು. ಬೆವರು ಆರುವುದಿಲ್ಲ, ಧಾರೆಯಾಗಿ ಇಳಿಯುತ್ತದೆ. ಮೈಯೊಳಗಿನ ನೀರೂ ಉಪ್ಪೂ ಹೋಗುತ್ತವೆ, ಮೈ ಮಾತ್ರ ತಣಿಯುವುದಿಲ್ಲ. ರಾತ್ರಿಯೂ ಉಷ್ಣಾಂಶ 25ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಇನ್ನೊಂದು ಮಾತು. ಇಂಥ ಹವೆಗೆ ದೇಹ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ನಿಮ್ಮಂಥವರ ಪ್ರವಾಸವೇ ನಾಲ್ಕೈದು ದಿನದ್ದು. ಆದ್ದರಿಂದ ಬರೀ ಡಿಗ್ರಿ ನೋಡಿ ತೀರ್ಮಾನಿಸಬೇಡಿ. ಉಷ್ಣಾಂಶ, ತೇವಾಂಶ, ಗಾಳಿ, ಬಿಸಿಲು ಎಲ್ಲವನ್ನೂ ಸೇರಿಸಿ ಅಳೆಯುವ ಡಬ್ಲ್ಯುಬಿಜಿಟಿ ಎಂಬ ಸೂಚ್ಯಂಕವೊಂದಿದೆ. ಅದನ್ನು ಆಧರಿಸಿ ಸಿಂಗಪುರ ಸರಕಾರ 2023ರಿಂದ ಸಾರ್ವಜನಿಕರಿಗೆ ಶಾಖದ ಮುನ್ನೆಚ್ಚರಿಕೆ ಕೊಡುತ್ತಿದೆ. ಮೊಬೈಲ್ ತೋರಿಸುವ ಡಿಗ್ರಿಯಲ್ಲ, ಆ ಸೂಚ್ಯಂಕ 31 ಮುಟ್ಟಿದರೆ ಅಪಾಯ ಮಧ್ಯಮ, 33 ಮುಟ್ಟಿದರೆ ಹೆಚ್ಚು. ಬಂದಿಳಿದ ಮೇಲೆ ದಿನವೂ ಅದನ್ನು ನೋಡಿಕೊಂಡು ಹೊರಡಿ.

ಮಂಗಳೂರಿನ ಸದಸ್ಯೆ: ಅದು ಸೆಕೆ. ನಾವು ಕರಾವಳಿಯವರಿಗೆ ಹುಟ್ಟಿದಾಗಿನಿಂದ ಅಭ್ಯಾಸ.

ವೈದ್ಯೆ: ಊರಿನಿಂದ ನೇರವಾಗಿ ಬಂದರೆ ನಿಮಗೆ ಅನುಕೂಲವೇ. ಆದರೆ ಬೆಂಗಳೂರಿಗೆ ಹೋಗಿ ಒಂದೆರಡು ತಿಂಗಳು ಕಳೆದಿದ್ದರೆ ಆ ಅಭ್ಯಾಸ ದೇಹಕ್ಕೆ ಉಳಿದಿರುವುದಿಲ್ಲ.

ತುಮಕೂರಿನ ಸದಸ್ಯೆ: ಮೇಡಂ, ನನ್ನ ಮಗುವಿಗೆ ಐದು ತಿಂಗಳು, ಎದೆಹಾಲು ಮಾತ್ರ. ಸೆಕೆಗೆ ಕುದಿಸಿ ಆರಿಸಿದ ನೀರು ಕೊಡಲೇ? ಬಿಸಿಲು ತಾಗದಂತೆ ತಳ್ಳುಗಾಡಿಗೆ ಬಟ್ಟೆ ಹೊದಿಸಿದರೆ ಸಾಕೇ?

ವೈದ್ಯೆ: ನೀರು ಬೇಡ. ಆರು ತಿಂಗಳವರೆಗೆ ಎಂಥ ಸೆಕೆಯಲ್ಲೂ ಎದೆಹಾಲೇ ಸಾಕು. ಹೆಚ್ಚು ಸಲ ಕುಡಿಸಿ, ನೀವು ಚೆನ್ನಾಗಿ ನೀರು ಕುಡಿಯಿರಿ. ತಳ್ಳುಗಾಡಿಗೆ ಬಟ್ಟೆ ಖಂಡಿತ ಹೊದಿಸಬೇಡಿ. ತೆಳು ಬಟ್ಟೆಯಾದರೂ ಒಳಗೆ ಗಾಳಿ ಆಡದೆ ಶಾಖ ಏರುತ್ತದೆ, ಮಗುವಿನ ಮುಖವೂ ನಿಮಗೆ ಕಾಣುವುದಿಲ್ಲ. ನೆರಳಿನಲ್ಲಿ ನಡೆಯಿರಿ, ತೆಳು ಹತ್ತಿಯ ಒಂದೇ ಪದರ ಉಡಿಸಿ. ಒದ್ದೆ ಡೈಪರುಗಳ ಲೆಕ್ಕವಿರಲಿ. ಅವು ಎಂದಿಗಿಂತ ಸ್ಪಷ್ಟವಾಗಿ ಕಡಿಮೆಯಾದರೆ, ಮಗು ಹಾಲು ಎಳೆಯದೆ ಮಂಕಾದರೆ, ಅದೇ ದಿನ ವೈದ್ಯರಿಗೆ ತೋರಿಸಿ.

ದಾವಣಗೆರೆಯ ಸದಸ್ಯ: ಎಲ್ಲರ ಉಪಯೋಗಕ್ಕಾಗಿ ನನಗೆ ಬಂದ ಸಂದೇಶವನ್ನು ಹಂಚುತ್ತಿದ್ದೇನೆ. ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡರೆ ಶಾಖ ಹೊಡೆಯುವುದಿಲ್ಲ. ಬಿಸಿಲಿನಿಂದ ಬಂದ ಕೂಡಲೇ ತಣ್ಣೀರು ಕುಡಿದರೆ ರಕ್ತನಾಳ ಒಡೆಯುತ್ತದೆ.

ವೈದ್ಯೆ: ಜೇಬಿನ ಈರುಳ್ಳಿಯಿಂದ ಏನೂ ಆಗುವುದಿಲ್ಲ. ಎರಡನೆಯ ಮಾತು ಮಾತ್ರ ಅಪಾಯಕಾರಿ. ಶಾಖದಿಂದ ಬಳಲಿದವರಿಗೆ ತಣ್ಣೀರು ಕುಡಿಸುವುದು, ಮೈಗೆ ತಣ್ಣೀರು ಸುರಿಯುವುದೇ ಚಿಕಿತ್ಸೆ. ಈ ಸಂದೇಶವನ್ನು ನಂಬಿ ಯಾರಾದರೂ ಅರ್ಧ ಗಂಟೆ ಕಾದರೆ ಆ ಅರ್ಧ ಗಂಟೆಯಲ್ಲೇ ಪ್ರಾಣಕ್ಕೆ ಕುತ್ತು ಬರಬಹುದು. ದಯವಿಟ್ಟು ಅಳಿಸಿ.

ಮೈಸೂರಿನ ಸದಸ್ಯೆ: ಡಾಕ್ಟರೇ, ನಮ್ಮ ತಂದೆಗೆ 71 ವರ್ಷ. ಮೂರು ವರ್ಷದ ಹಿಂದೆ ಹೃದಯಾಘಾತವಾಗಿತ್ತು. ಹೃದಯದ ಪಂಪ್ ಶಕ್ತಿ ಶೇ. 35 ಎಂದಿದ್ದಾರೆ. ಫ್ಯೂರೋಸೆಮೈಡ್, ಟೆಲ್ಮಿಸಾರ್ಟನ್, ಮೆಟೊಪ್ರೊಲಾಲ್, ಡಾಪಾಗ್ಲಿಫ್ಲೋಜಿನ್, ಆಸ್ಪಿರಿನ್ ಮಾತ್ರೆಗಳ ಜೊತೆ ದಿನಕ್ಕೆರಡು ಸಲ ಇನ್ಸುಲಿನ್. ನೀರು ದಿನಕ್ಕೆ ಒಂದೂವರೆ ಲೀಟರ್ ಮೀರಬಾರದು. ಶನಿವಾರ ಬೆಳಗ್ಗೆ ಆರಕ್ಕೆ ಚಾಂಗಿ ವಿಮಾನ ನಿಲ್ದಾಣದಲ್ಲಿ ಇಳಿದು ಹನ್ನೊಂದಕ್ಕೆ ಮೃಗಾಲಯ, ಭಾನುವಾರ ಇಡೀ ದಿನ ಸೆಂಟೋಸಾ ದ್ವೀಪದ ಕಡಲತೀರ. ಏನಾದರೂ ಎಚ್ಚರಿಕೆ ಬೇಕೇ?

ವೈದ್ಯೆ: ತಾಯಿ, ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಇದಕ್ಕೆ ವಿವರವಾಗಿ ಬರೆಯುತ್ತೇನೆ, ನಿಮ್ಮ ತಮ್ಮ, ಅಣ್ಣ, ಎಲ್ಲರಿಗೂ ಓದಿಸಿ.

ಸೆಕೆಯಲ್ಲಿ ಶಾಖವನ್ನು ಹೊರಹಾಕಲು ಹೃದಯ ಹೆಚ್ಚು ರಕ್ತವನ್ನು ಚರ್ಮದ ಕಡೆಗೆ ಕಳಿಸಬೇಕು. ನಿಮ್ಮ ತಂದೆಯ ಹೃದಯಕ್ಕೆ ಆ ಹೆಚ್ಚುವರಿ ಶಕ್ತಿ ಇಲ್ಲ. ಅವರು ಸುಮ್ಮನೆ ಬೆಂಚಿನ ಮೇಲೆ ಕುಳಿತಿದ್ದಾಗಲೂ ಅದು ದುಡಿಯುತ್ತಿರುತ್ತದೆ. ಅತ್ತ ಬೆವರಿನಲ್ಲಿ ನೀರು ಹೋಗುತ್ತದೆ, ಇತ್ತ ಫ್ಯೂರೋಸೆಮೈಡ್ ಮೂತ್ರದಲ್ಲಿ ನೀರು ಕಳಿಸುತ್ತದೆ, ಡಾಪಾಗ್ಲಿಫ್ಲೋಜಿನ್ ಕೂಡ ಸಕ್ಕರೆಯ ಜೊತೆ ನೀರನ್ನು ಹೊರಹಾಕುತ್ತದೆ. ಮೈ ಹೀಗೆ ಒಣಗಿದ ಹೊತ್ತಿನಲ್ಲಿ ರಕ್ತದೊತ್ತಡ ಇಳಿಸುವ ಟೆಲ್ಮಿಸಾರ್ಟನ್ ಸೇರಿದರೆ ಮೂತ್ರಪಿಂಡಕ್ಕೆ ಪೆಟ್ಟು. ಇವೆಲ್ಲ ಅವರನ್ನು ಇಷ್ಟು ವರ್ಷ ಕಾಪಾಡಿರುವ ಒಳ್ಳೆಯ ಔಷಧಗಳೇ. ನನ್ನ ಮಾತು ಓದಿ ಒಂದು ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಆದರೆ ವಾಂತಿ ಭೇದಿಯಾದ ದಿನ, ಊಟ ಸೇರದ ದಿನ, ಯಾವುದನ್ನು ತಡೆಹಿಡಿಯಬೇಕು, ಯಾವಾಗ ಮತ್ತೆ ಶುರು ಮಾಡಬೇಕು ಎಂಬುದನ್ನು ಅವರ ಹೃದ್ರೋಗ ತಜ್ಞರಿಂದ ಕಾಗದದ ಮೇಲೆ ಬರೆಸಿಕೊಂಡು ಬನ್ನಿ. ಡಾಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಊಟವಿಲ್ಲದೆ ಬಳಲಿದಾಗ ರಕ್ತ ಆಮ್ಲಮಯವಾಗುವ ಅಪಾಯವಿದೆ, ಅದೂ ಸಕ್ಕರೆಯ ಪ್ರಮಾಣ ತೀರಾ ಏರದಿದ್ದಾಗಲೂ. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಸಕ್ಕರೆ ಸರಿಯಿದೆಯೆಂದು ಸಮಾಧಾನ ಪಡಬೇಡಿ.

ನೀರಿನದು ಕಷ್ಟದ ಲೆಕ್ಕ. ಹೆಚ್ಚು ಕುಡಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಕಡಿಮೆಯಾದರೆ ರಕ್ತದೊತ್ತಡ ಕುಸಿಯುತ್ತದೆ. ಅಳೆಯಲು ಒಂದೇ ದಾರಿಯಿದೆ: ಸಣ್ಣ ತೂಕದ ಯಂತ್ರ ತನ್ನಿ. ಪ್ರತಿ ಬೆಳಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಿ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೂ ಇಳಿದರೂ ಅದು ಸುದ್ದಿ, ಅವರ ವೈದ್ಯರಿಗೆ ಕರೆ ಮಾಡಿ. ಸೆಕೆಯ ಊರಿನಲ್ಲಿ ಎಷ್ಟು ನೀರು ಕುಡಿಯಬಹುದು ಎಂದು ಈಗಲೇ ಅವರನ್ನು ಕೇಳಿ. ಓಆರ್‌ಎಸ್ ಎಂಬ ಉಪ್ಪು-ಸಕ್ಕರೆಯ ದ್ರಾವಣವನ್ನು ಇವರಿಗೆ ಸುಮ್ಮನೆ ಕುಡಿಸಬೇಡಿ, ಅದರಲ್ಲಿ ಉಪ್ಪಿದೆ.

ಇನ್ಸುಲಿನ್ ಅನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ವಿಮಾನದ ಕೆಳಗಿನ ಸಾಮಾನಿನಲ್ಲಿ ಅದು ಹೆಪ್ಪುಗಟ್ಟಿ ಕೆಡಬಹುದು. ಮಂಜುಗಡ್ಡೆಗೆ ನೇರವಾಗಿ ತಾಗಿಸಬೇಡಿ. ಬಳಸುತ್ತಿರುವ ಇನ್ಸುಲಿನ್ ಪೆನ್ 30 ಡಿಗ್ರಿಯೊಳಗೆ ಇರಬೇಕು, ಅಂದರೆ ಇಲ್ಲಿ ಹೊರಗೆ ತಿರುಗುವಾಗ ತಂಪು ಚೀಲ ಬೇಕೇ ಬೇಕು. ಬಿಸಿಯಲ್ಲಿ ಇನ್ಸುಲಿನ್ ಬೇಗ ರಕ್ತಕ್ಕೆ ಇಳಿಯುತ್ತದೆ, ಜೊತೆಗೆ ನಡಿಗೆ ಹೆಚ್ಚು, ಊಟ ತಡ. ಸಕ್ಕರೆ ಕುಸಿಯಲು ಇಷ್ಟು ಸಾಕು. ಗ್ಲೂಕೋಸ್ ಅವರ ಜೇಬಿನಲ್ಲೇ ಇರಲಿ, ನಿಮ್ಮ ಚೀಲದಲ್ಲಲ್ಲ.

ನಿಮ್ಮ ಕಾರ್ಯಕ್ರಮ ಬದಲಾಗಲೇಬೇಕು. ಶನಿವಾರ ನಿದ್ದೆ, ಅಷ್ಟೇ. ಮೃಗಾಲಯ ಬೆಳಗ್ಗೆ 8.30ಕ್ಕೆ ತೆರೆಯುತ್ತದೆ, ಇನ್ನೊಂದು ದಿನ ಆಗ ಹೋಗಿ, ಗಾಲಿಕುರ್ಚಿ ತೆಗೆದುಕೊಳ್ಳಿ, ಹನ್ನೊಂದರೊಳಗೆ ಹೊರಬನ್ನಿ. ಮಧ್ಯಾಹ್ನಗಳನ್ನು ಗಾರ್ಡನ್ಸ್ ಬೈ ದ ಬೇಯ ಫ್ಲವರ್ ಡೋಮ್, ಕ್ಲೌಡ್ ಫಾರೆಸ್ಟ್‌ನಂತಹ ತಂಪು ಗಾಜಿನ ಮನೆಗಳಿಗೆ ಇಟ್ಟುಕೊಳ್ಳಿ. ಸೆಂಟೋಸಾದ ಮರಳು ಮೊಮ್ಮಕ್ಕಳಿಗೆ ಸಾಕು. ಮೇ ತಿಂಗಳಲ್ಲಿ ಮಧ್ಯಾಹ್ನದ ನಂತರ ಗುಡುಗು ಮಳೆ ಸಾಮಾನ್ಯ, ಆಗ ಬಯಲಿನಲ್ಲಿ ನಿಲ್ಲುವುದು ಯಾರಿಗೂ ಸರಿಯಲ್ಲ.

ಈಗ ನನಗೆ ನಿಮ್ಮ ಉತ್ತರ ಬೇಕು. ಎರಡು ಮಹಡಿ ಹತ್ತಿದರೆ ಅವರಿಗೆ ಏದುಸಿರು ಬರುತ್ತದೆಯೇ? ಸಂಜೆ ಪಾದ ಊದುತ್ತದೆಯೇ? ರಕ್ತದಲ್ಲಿ ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ ಕೊನೆಯ ಬಾರಿ ಯಾವಾಗ ನೋಡಿಸಿದ್ದು?

ದಾವಣಗೆರೆಯ ಸದಸ್ಯ: ಇಷ್ಟೆಲ್ಲ ಕಾಯಿಲೆ ಇಟ್ಟುಕೊಂಡು ಹಿರಿಯರನ್ನು ವಿದೇಶಕ್ಕೆ ಎಳೆದೊಯ್ಯುವುದೇಕೆ? ಕಾಶಿಗೆ ಕರೆದುಕೊಂಡು ಹೋಗಿ, ಪುಣ್ಯವಾದರೂ ಬರುತ್ತದೆ.

ತುಮಕೂರಿನ ಸದಸ್ಯೆ: ಮೇ ತಿಂಗಳ ಕಾಶಿಯಲ್ಲಿ ಬಿಸಿಲು ಎಷ್ಟಿರುತ್ತದೆ ಎಂದು ಗೊತ್ತೇ ನಿಮಗೆ? ಮೊಮ್ಮಕ್ಕಳ ಜೊತೆ ನಾಲ್ಕು ದಿನ ಸುತ್ತುವ ಆಸೆ ಹಿರಿಯರಿಗೂ ಇರುತ್ತದೆ.

ದಾವಣಗೆರೆಯ ಸದಸ್ಯ: ಆಸೆ ಮಕ್ಕಳದ್ದು. ಫೋಟೋ ಹಾಕಬೇಕಲ್ಲ.

ಮಂಗಳೂರಿನ ಸದಸ್ಯೆ: ಯಾರ ಮನೆಯ ವಿಷಯವನ್ನೂ ಅರಿಯದೆ ಹೀಗೆ ಬರೆಯಬಾರದು. ಈರುಳ್ಳಿ ಸಂದೇಶ ಹಾಕಿದವರು ಬುದ್ಧಿ ಹೇಳುವುದು ಬೇಡ.

ದಾವಣಗೆರೆಯ ಸದಸ್ಯ: ನಮ್ಮ ಅಜ್ಜಿ ಈರುಳ್ಳಿಯಿಂದಲೇ ತೊಂಬತ್ತು ವರ್ಷ ಬದುಕಿದರು. ಎಲ್ಲವೂ ಇಂಗ್ಲಿಷ್ ಔಷಧದಲ್ಲಿಲ್ಲ.

ನಿರ್ವಾಹಕರು: ದಯವಿಟ್ಟು ವಿಷಯಕ್ಕೆ ಬನ್ನಿ.

ಹುಬ್ಬಳ್ಳಿಯ ಸದಸ್ಯ: ಬ್ಯಾಂಕಾಕ್‌ಗೆ ಹೊರಟವರಿಗೂ ಇದೇ ಸಲಹೆಯೇ? ಅಲ್ಲಿ ಖರ್ಚು ಕಡಿಮೆ.

ಹಾಸನದ ಸದಸ್ಯೆ: ನನಗೆ ಮೂತ್ರ ತಡೆಯಲಾಗದ ತೊಂದರೆಗೆ ಸೋಲಿಫೆನಾಸಿನ್ ಮಾತ್ರೆ ಇದೆ. ಅದಕ್ಕೂ ಸೆಕೆಗೂ ಸಂಬಂಧವಿದೆಯೇ? ಕೆಮ್ಮಿನ ಔಷಧ, ನಿದ್ದೆ ಮಾತ್ರೆ ಒಯ್ಯಬಹುದೇ?

ವೈದ್ಯೆ: ಸಂಬಂಧವಿದೆ, ಒಳ್ಳೆಯ ಪ್ರಶ್ನೆ. ಆ ಗುಂಪಿನ ಮಾತ್ರೆಗಳು ಬೆವರನ್ನು ಕಡಿಮೆ ಮಾಡುತ್ತವೆ. ಮೈ ಬಿಸಿಯೇರುವುದು ನಿಮಗೆ ತಡವಾಗಿ ತಿಳಿಯುತ್ತದೆ. ಕೆಲವು ಹಳೆಯ ಶೀತದ ಮಾತ್ರೆಗಳು, ಖಿನ್ನತೆಗೆ, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಕೂಡ ಹಾಗೆಯೇ. ನಡುಹಗಲು ಒಳಗಿರಿ, ಹೊರಡುವ ಮುನ್ನ ನಿಮ್ಮ ವೈದ್ಯರನ್ನು ಕೇಳಿ. ಕೋಡೀನ್ ಇರುವ ಕೆಮ್ಮಿನ ಔಷಧಕ್ಕೂ ಬಹಳಷ್ಟು ನಿದ್ದೆ ಮಾತ್ರೆಗಳಿಗೂ ಇಲ್ಲಿಯ ಆರೋಗ್ಯ ವಿಜ್ಞಾನ ಪ್ರಾಧಿಕಾರದ ಅನುಮತಿಯನ್ನು ಮುಂಚೆಯೇ ಪಡೆಯಬೇಕು. ಎಲ್ಲ ಔಷಧವೂ ಮೂಲ ಪೊಟ್ಟಣದಲ್ಲಿರಲಿ, ಚೀಟಿ ಜೊತೆಗಿರಲಿ. ಹಾಗೆಯೇ ಅಡುಗೆಗೆಂದು ಗಸಗಸೆ ತರಬೇಡಿ, ಗುಟ್ಕಾ ತರಬೇಡಿ. ಎರಡಕ್ಕೂ ಇಲ್ಲಿ ನಿಷೇಧವಿದೆ.

ಹುಬ್ಬಳ್ಳಿಯ ಸದಸ್ಯ: ಗಸಗಸೆಗೂ ನಿಷೇಧವೇ? ನಮ್ಮ ಪರಿಚಯದವರು ತಂದಿದ್ದರಲ್ಲ.

ವೈದ್ಯೆ: ನಿಷೇಧವಿದೆ.

ಶಿವಮೊಗ್ಗದ ಸದಸ್ಯ: ಮಕ್ಕಳಿಗೆ ಓಆರ್‌ಎಸ್ ಎಷ್ಟು ಕೊಡಬೇಕು? ಅಂಗಡಿಯ ಪೆಟ್ಟಿಗೆ ಪಾನೀಯ ಆಗುತ್ತದೆಯೇ?

ವೈದ್ಯೆ: ಆರೋಗ್ಯವಂತ ಮಕ್ಕಳಿಗೆ ನೀರು, ಮಜ್ಜಿಗೆ, ಊಟ ಸಾಕು. ಭೇದಿಯಾದರೆ ಓಆರ್‌ಎಸ್: ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಿ. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಎಂಬ ಅಂದಾಜು ಬೇಡ. ಸಿಹಿ ಪಾನೀಯ ಓಆರ್‌ಎಸ್ ಅಲ್ಲ.

ಬೆಳಗಾವಿಯ ಸದಸ್ಯೆ: ನಲ್ಲಿ ನೀರು ಕುಡಿಯಬಹುದೇ?

ವೈದ್ಯೆ: ಕುಡಿಯಬಹುದು.

ಕೋಲಾರದ ಸದಸ್ಯ: ಮೇಡಂ, ಮಕ್ಕಳಿಗೆ ಓಆರ್‌ಎಸ್ ಕೊಡಬಹುದೇ?

ವೈದ್ಯೆ: ಮೇಲೆ ಓದಿ.

ದಾವಣಗೆರೆಯ ಸದಸ್ಯ: ಸಿಂಗಪುರದಲ್ಲಿ ಡೆಂಗಿ ಇದೆಯಂತೆ. ಪಪ್ಪಾಯಿ ಎಲೆಯ ರಸವನ್ನು ಮೊದಲೇ ಕುಡಿದು ಹೋದರೆ ಬರುವುದಿಲ್ಲ ಎಂದು ಸಂದೇಶ ಬಂದಿದೆ. ಕರ್ಪೂರದ ಪೊಟ್ಟಣ ಕೊರಳಿಗೆ ಕಟ್ಟಿದರೂ ಆಗುತ್ತದಂತೆ.

ವೈದ್ಯೆ: ಪಪ್ಪಾಯಿ ಎಲೆ ಡೆಂಗಿಯನ್ನು ತಡೆಯುವುದಿಲ್ಲ. ಕರ್ಪೂರ ಪುಟ್ಟ ಮಗುವಿನ ಬಾಯಿಗೆ ಹೋದರೆ ಫಿಟ್ಸ್ ಬರಬಹುದು. ಅದನ್ನು ಮಕ್ಕಳ ಕೊರಳಿಗೆ ಕಟ್ಟುವ ಸಲಹೆ ಕೊಡಬೇಡಿ. ಡೆಂಗಿಯ ಸೊಳ್ಳೆ ಹಗಲು ಕಚ್ಚುತ್ತದೆ, ಉದ್ದ ತೋಳಿನ ತೆಳು ಬಟ್ಟೆ, ಸೊಳ್ಳೆ ನಿವಾರಕ ಮುಲಾಮು ಬಳಸಿ. ಊರಿಗೆ ಮರಳಿದ ಎರಡು ವಾರದೊಳಗೆ ಜ್ವರ ಬಂದರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ, ಸಿಂಗಪುರಕ್ಕೆ ಹೋಗಿದ್ದೆವೆಂದು ವೈದ್ಯರಿಗೆ ಹೇಳಿ. ಇನ್ನು ಮುಂದೆ ಇಂಥ ಫಾರ್ವರ್ಡ್ ಸಂದೇಶಗಳನ್ನು ಇಲ್ಲಿ ಹಾಕಿದರೆ ನಾನು ಉತ್ತರಿಸುವುದಿಲ್ಲ.

ದಾವಣಗೆರೆಯ ಸದಸ್ಯ: ಕೇಳುವುದೂ ತಪ್ಪೇ? ಡಾಕ್ಟರಿಗೆ ಇಷ್ಟು ಸಿಟ್ಟು ಒಳ್ಳೆಯದಲ್ಲ.

ಮಂಗಳೂರಿನ ಸದಸ್ಯೆ: ಕೇಳಿದ್ದೆಲ್ಲಿ? ನೀವು ಹಂಚುತ್ತಿದ್ದೀರಿ.

ಬೆಳಗಾವಿಯ ಸದಸ್ಯೆ: ಮಕ್ಕಳ ಬೆವರುಸಾಲೆಗೆ ಯಾವ ಪೌಡರ್ ಒಳ್ಳೆಯದು?

ಕೋಲಾರದ ಸದಸ್ಯ: ಎಸಿಯಿಂದ ಹೊರಗೆ, ಹೊರಗಿನಿಂದ ಎಸಿಗೆ ಓಡಾಡಿದರೆ ಪಾರ್ಶ್ವವಾಯು ಬರುತ್ತದೆಯೇ?

ವೈದ್ಯೆ: ಇಲ್ಲ. ಮಾಲ್ ಮತ್ತು ರೈಲಿನೊಳಗೆ ಚಳಿಯಾಗುತ್ತದೆ, ಒಂದು ತೆಳು ಸ್ವೆಟರ್ ಇರಲಿ.

ಮೈಸೂರಿನ ಸದಸ್ಯೆ: ಡಾಕ್ಟರೇ, ತಡವಾಯಿತು, ಅಪ್ಪನನ್ನೇ ಕೇಳಿ ಬಂದೆ. ಎರಡನೆಯ ಮಹಡಿಗೆ ನಡುವೆ ನಿಂತು ಹತ್ತುತ್ತಾರೆ. ಈ ತಿಂಗಳು ಸಂಜೆ ಪಾದ ಊದುತ್ತಿದೆಯಂತೆ, ನಮಗೆ ಹೇಳಿರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿ ಐದು ತಿಂಗಳಾಗಿದೆ. ಟಿಕೆಟ್ ಆಗಿಬಿಟ್ಟಿದೆ, ಹಣ ಮರಳಿ ಬರುವುದಿಲ್ಲ.

ವೈದ್ಯೆ: ಟಿಕೆಟ್ ಮರೆಯಿರಿ. ಹೊಸದಾಗಿ ಪಾದ ಊದುತ್ತಿದೆ ಎಂದರೆ ಅವರ ಹೃದಯ ಮೈಸೂರಿನ ಹವೆಯಲ್ಲೇ ಸೋಲುತ್ತಿರಬಹುದು. ನಾಳೆ, ನಾಡಿದ್ದಿನೊಳಗೆ ಹೃದ್ರೋಗ ತಜ್ಞರಿಗೆ ತೋರಿಸಿ. ರಕ್ತ ಪರೀಕ್ಷೆ, ಬೇಕಾದರೆ ಎಕೋ (ಹೃದಯದ ಸ್ಕ್ಯಾನ್) ಅವರೇ ಹೇಳುತ್ತಾರೆ. ಮಲಗಿದಾಗ ಉಸಿರು ಕಟ್ಟಿದರೆ, ರಾತ್ರಿ ಎದ್ದು ಕೂರುವಂತಾದರೆ ನಾಳೆಗೂ ಕಾಯಬೇಡಿ, ಇಂದೇ ಆಸ್ಪತ್ರೆಗೆ ಹೋಗಿ. ಆ ತಜ್ಞರು ಹೋಗಬಹುದು ಎಂದ ಮೇಲೆ ಮಾತ್ರ ಪ್ರಯಾಣ.

ಹೋಗುವುದಾದರೆ ಪ್ರಯಾಣ ವಿಮೆಯಲ್ಲಿ ಹೃದಯಾಘಾತ, ಮಧುಮೇಹ ಎರಡನ್ನೂ ಘೋಷಿಸಿ. ಮುಚ್ಚಿಟ್ಟರೆ ವಿಮೆಯ ಹಣ ತಿರಸ್ಕೃತವಾಗಬಹುದು. ಇಲ್ಲಿ ವಿದೇಶಿಯರಿಗೆ ಸರಕಾರದ ರಿಯಾಯಿತಿ ಇಲ್ಲ, ಬಿಲ್ಲನ್ನು ಪೂರ್ತಿ ನೀವೇ ಕಟ್ಟಬೇಕು. ಆಂಬುಲೆನ್ಸ್ ಸಂಖ್ಯೆ 995, ಎಲ್ಲರ ಮೊಬೈಲಿನಲ್ಲೂ ಇರಲಿ. ಮಾತು ತೊದಲಿದರೆ, ತಡವರಿಸಿದರೆ, ಗೊಂದಲವಾದರೆ ಅದು ಸುಸ್ತೆಂದು ಬಿಡಬೇಡಿ. ಮೊದಲು 995. ಆಂಬುಲೆನ್ಸ್ ಬರುವಷ್ಟರಲ್ಲಿ ರಕ್ತದ ಸಕ್ಕರೆ ನೋಡಿ, ನೆರಳಿಗೆ ತಂದು ಮೈ ಒದ್ದೆ ಮಾಡಿ ಗಾಳಿ ಬೀಸಿ. ಪ್ರಜ್ಞೆ ಸರಿಯಿಲ್ಲದಿದ್ದರೆ ಬಾಯಿಗೆ ನೀರು ಹಾಕಬೇಡಿ. ಮೈ ಬೆವರುತ್ತಿದೆಯಲ್ಲ ಎಂದು ಧೈರ್ಯ ತಂದುಕೊಳ್ಳಬೇಡಿ, ಬೆವರುತ್ತಿರುವಾಗಲೂ ಶಾಖಾಘಾತ ಆಗುತ್ತದೆ.

ಮೈಸೂರಿನ ಸದಸ್ಯೆ: ನಾಳೆ ಬೆಳಗ್ಗೆಯೇ ಕರೆದೊಯ್ಯುತ್ತೇವೆ. ಅಪ್ಪ ಬೇಡವೆನ್ನುತ್ತಿದ್ದಾರೆ, ಪ್ರವಾಸ ತಪ್ಪುತ್ತದೆಂಬ ಭಯ ಅವರಿಗೆ.

ವೈದ್ಯೆ: ಅವರ ಜೊತೆ ನಾನೇ ಮಾತನಾಡುತ್ತೇನೆ, ನನಗೆ ಖಾಸಗಿ ಸಂದೇಶ ಕಳಿಸಿ. ಮೇಯಲ್ಲಿ ಆಗದಿದ್ದರೆ ಡಿಸೆಂಬರ್ ಕೊನೆಯಲ್ಲಿ ಬರಲಿ, ಮಳೆ ಹೆಚ್ಚಾದರೂ ಸೆಕೆ ತುಸು ಕಡಿಮೆ.

ಶಿವಮೊಗ್ಗದ ಸದಸ್ಯ: ಹಾಗಾದರೆ ನಾವೂ ಡಿಸೆಂಬರಿಗೆ ಮುಂದೂಡಬೇಕೇ? ಮತ್ತೆ ಆ ಪೆಟ್ಟಿಗೆ ಪಾನೀಯ

ನಿರ್ವಾಹಕರು: ಡಾಕ್ಟರಿಗೆ ರಾತ್ರಿ ಪಾಳಿಯಿದೆ. ಪ್ರತಿಕ್ರಿಯೆಗಳನ್ನು ಇಲ್ಲಿಗೆ ಮುಚ್ಚುತ್ತಿದ್ದೇವೆ. ಈರುಳ್ಳಿ ಮತ್ತು ಕರ್ಪೂರದ ಸಂದೇಶಗಳನ್ನು ತೆಗೆದುಹಾಕಲಾಗಿದೆ.